ಉಸಿರಿನ ಹಾದಿಯ ಶಲ್ಯ: ಒಂದು ಚಾರಿತ್ರಿಕ ಅವಲೋಕನ

‘ಶಲ್ಯ’ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ಮಹಾಭಾರತದ ಮದ್ರದೇಶದ ಅರಸನ ನೆನಪಾಗುವುದು ಸಹಜ. ಆಯುರ್ವೇದದಲ್ಲಿ ಈ ಶಬ್ದಕ್ಕೆ ಬೇರೆಯೇ ಅರ್ಥವಿದೆ. ಶರೀರವನ್ನು ಹೊಕ್ಕು, ಅಲ್ಲಿ ನಿಂತು, ಬಾಧೆ ಕೊಡುವ ವಸ್ತುವೇ ಶಲ್ಯ. ಅದು ಬಾಣದ ಮೊನೆಯಾಗಿರಬಹುದು, ಮುಳ್ಳಾಗಿರಬಹುದು, ಮರದ ಸಿಬಿರಾಗಿರಬಹುದು. ಅದನ್ನು ಹೊರತೆಗೆಯುವ ವಿದ್ಯೆಗೆ ಪೂರ್ವಿಕರು ಶಲ್ಯತಂತ್ರವೆಂದು ಹೆಸರಿಟ್ಟರು. ಆಯುರ್ವೇದದ ಎಂಟು ಅಂಗಗಳಲ್ಲಿ ಅದೂ ಒಂದು. ಇಂದು ನಾವು ಶಸ್ತ್ರಚಿಕಿತ್ಸೆ ಎಂದು ಕರೆಯುವ ವಿದ್ಯೆಯೆಲ್ಲವೂ ಹಿಂದೆ ಈ ಹೆಸರಿನಲ್ಲಿಯೇ ಅಡಗಿತ್ತು.

ಶಲ್ಯಗಳಲ್ಲಿ ಅತ್ಯಂತ ಕ್ರೂರವಾದುದು ಯಾವುದೆಂದು ಯಾರಾದರೂ ಕೇಳಿದರೆ, ಯುದ್ಧಭೂಮಿಯ ಬಾಣಕ್ಕಿಂತಲೂ ನಡುಮನೆಯ ಚಾಪೆಯ ಮೇಲೆ ಬಿದ್ದಿರುವ ಒಂದು ಶೇಂಗಾ ಕಾಳನ್ನೇ ಮೊದಲು ಹೆಸರಿಸಬೇಕಾಗುತ್ತದೆ. ಅಂಬೆಗಾಲಿಡುವ ಕೂಸು ಅದನ್ನು ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತದೆ. ನಗುವಾಗಲೋ ಅಳುವಾಗಲೋ ಒಮ್ಮೆ ಉಸಿರೆಳೆದುಕೊಳ್ಳುತ್ತದೆ. ಕಾಳು ಅನ್ನದ ಹಾದಿಯನ್ನು ಬಿಟ್ಟು ಉಸಿರಿನ ಹಾದಿಯನ್ನು ಹಿಡಿಯುತ್ತದೆ. ಬಳಿಕ ಆಗುವುದನ್ನು ಹೇಳಲು ಕೂಸಿಗೆ ಮಾತಿಲ್ಲ. ತಿಳಿಯಲು ಹೆತ್ತವರಿಗೆ ಕಣ್ಣಿಲ್ಲ.

ಈ ಶಲ್ಯವನ್ನು ಮನುಷ್ಯನು ಹೇಗೆ ಎದುರಿಸಿದನು, ಎಷ್ಟು ಕಾಲ ಸೋತನು, ಯಾವಾಗ ಗೆದ್ದನು ಎಂಬ ಕಥೆ ನಮ್ಮ ಭಕ್ತರಿಗೂ ಮಠದಲ್ಲಿ ಓದಿ ಈಗ ಸಂಸಾರಸ್ಥರಾಗಿರುವ ಹಳೆಯ ವಿದ್ಯಾರ್ಥಿಗಳಿಗೂ ತಿಳಿದಿರಬೇಕೆಂಬುದು ನಮ್ಮ ಅಪೇಕ್ಷೆ. ಇದು ವೈದ್ಯರಿಗೆ ಮಾತ್ರ ಮೀಸಲಾದ ಚರಿತ್ರೆಯಲ್ಲ. ಇದರ ಸಾರವನ್ನೆಲ್ಲ ಒಂದು ಮಾತಿನಲ್ಲಿ ಹಿಡಿದಿಡಬಹುದು: ಕಾಣದೆ ಕೈಹಾಕಬಾರದು. ಕೈ ಮುಂದಾಗಿ ಕಣ್ಣು ಹಿಂದುಳಿದಿದ್ದಷ್ಟು ಕಾಲ ಮಕ್ಕಳು ಸತ್ತರು. ಕಣ್ಣು ಮುಂದಾದ ಮೇಲೆ ಬದುಕಿದರು. ಈ ಮಾತು ಆಸ್ಪತ್ರೆಗೆ ಸಲ್ಲುವಂತೆಯೇ ನಮ್ಮ ನಿಮ್ಮ ಮನೆಗಳಿಗೂ ಸಲ್ಲುತ್ತದೆ.

ಕೂಸಿನ ಉಸಿರಿನ ಹಾದಿ

ಗಂಟಲಿನಲ್ಲಿ ಎರಡು ಹಾದಿಗಳು ಕವಲೊಡೆಯುತ್ತವೆ. ಹಿಂದಿನದು ಅನ್ನನಾಳ, ಮುಂದಿನದು ಶ್ವಾಸನಾಳ. ನುಂಗುವಾಗ ಧ್ವನಿಪೆಟ್ಟಿಗೆಯು ಮೇಲೆದ್ದು, ಅದರ ಮೇಲಿನ ಮುಚ್ಚಳ ಬಾಗಿ, ಉಸಿರಿನ ಬಾಗಿಲು ಒಂದು ಕ್ಷಣ ಮುಚ್ಚಿಕೊಳ್ಳುತ್ತದೆ. ಈ ಕೆಲಸ ದಿನಕ್ಕೆ ನೂರಾರು ಸಲ ನಮ್ಮ ಅರಿವಿಗೆ ಬಾರದೆ ನಡೆಯುತ್ತದೆ. ತಪ್ಪಿ ಏನಾದರೂ ಒಳಹೊಕ್ಕರೆ ಕೆಮ್ಮು ಅದನ್ನು ಹೊರದೂಡುತ್ತದೆ. ಕೆಮ್ಮು ಎಂಬುದು ದೇಹದ ಕಾವಲುಗಾರ.

ಎಳೆಯ ಕೂಸಿನಲ್ಲಿ ಈ ಕಾವಲು ಇನ್ನೂ ಬಲಿತಿರುವುದಿಲ್ಲ. ಆಗತಾನೆ ಹುಟ್ಟಿದ ಶಿಶುವಿನ ಶ್ವಾಸನಾಳದ ಉದ್ದ ಸುಮಾರು 4 ಸೆಂಟಿಮೀಟರು, ಒಳಗಿನ ಅಗಲ ಸುಮಾರು 4ರಿಂದ 5 ಮಿಲಿಮೀಟರು. ಒಂದು ತೊಗರಿಕಾಳಿನ ಗಾತ್ರವನ್ನು ನೆನೆದುಕೊಂಡರೆ ಈ ಅಳತೆಯ ಅರ್ಥ ತಾನಾಗಿ ತಿಳಿಯುತ್ತದೆ. ಕೊಳವೆಯೊಂದರ ಅಗಲ ಅರ್ಧಕ್ಕೆ ಇಳಿದರೆ ಅದರೊಳಗೆ ಗಾಳಿಯ ಹರಿವಿಗೆ ಒದಗುವ ತಡೆ ಎರಡು ಪಟ್ಟಾಗದೆ 16 ಪಟ್ಟಾಗುತ್ತದೆಂಬುದು ಭೌತಶಾಸ್ತ್ರದ ನಿಯಮ. ದೊಡ್ಡವರಿಗೆ ಬರಿಯ ಕೆಮ್ಮು ತರಿಸುವ ಚೂರು ಕೂಸಿನ ಪ್ರಾಣವನ್ನೇ ತೆಗೆಯಬಹುದಾದುದಕ್ಕೆ ಇದೇ ಕಾರಣ.

ಇದಕ್ಕೆ ವಯಸ್ಸಿನ ಧರ್ಮವೂ ಸೇರಿಕೊಳ್ಳುತ್ತದೆ. ಆರೇಳು ತಿಂಗಳಾದ ಕೂಸು ಲೋಕವನ್ನು ಅರಿಯುವುದು ಬಾಯಿಯ ಮೂಲಕ. ಒಂಬತ್ತು ಹತ್ತು ತಿಂಗಳಿಗೆ ಹೆಬ್ಬೆರಳು ತೋರುಬೆರಳುಗಳನ್ನು ಜೋಡಿಸಿ ಕಾಳನ್ನು ಹೆಕ್ಕುವ ಜಾಣತನ ಬರುತ್ತದೆ. ಆದರೆ ಆ ಕಾಳನ್ನು ಅರೆಯಬಲ್ಲ ದವಡೆ ಹಲ್ಲುಗಳು ಮೂಡಲು ಒಂದು ವರ್ಷ ದಾಟಬೇಕು. ಅವೆಲ್ಲ ಬಂದು ಮುಗಿಯಲು ಮತ್ತೂ ಒಂದು ವರ್ಷಕ್ಕಿಂತ ಹೆಚ್ಚು ಬೇಕು. ಹೆಕ್ಕುವ ಶಕ್ತಿ ಮೊದಲು, ಅಗಿಯುವ ಶಕ್ತಿ ಆಮೇಲೆ. ಈ ನಡುವಣ ಅವಧಿಯೇ ಅಪಾಯದ ಅವಧಿ.

ಸುಶ್ರುತನ ಮಾತು

ಗಂಟಲಿನ ಶಲ್ಯದ ವಿಚಾರವನ್ನು ನಮ್ಮ ಪ್ರಾಚೀನರು ಕಡೆಗಣಿಸಿರಲಿಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಶಲ್ಯವನ್ನು ಹೊರತೆಗೆಯುವ ಬಗೆಗಳನ್ನು ಹೇಳುವ ಅಧ್ಯಾಯವಿದೆ. ಅಲ್ಲಿ ಕಂಠದಲ್ಲಿ ಸಿಕ್ಕಿಕೊಂಡ ವಸ್ತುಗಳಿಗಾಗಿ ಹಲವು ಉಪಾಯಗಳನ್ನು ವಿವರಿಸಲಾಗಿದೆ. ಅರಗಿನ ವಸ್ತು ಸಿಕ್ಕಿಕೊಂಡಿದ್ದರೆ ಗಂಟಲಿನೊಳಗೆ ಒಂದು ನಾಡಿಯನ್ನು, ಅಂದರೆ ಕೊಳವೆಯನ್ನು, ಇಳಿಸಬೇಕು. ಅದರ ಮೂಲಕ ಕಾಯಿಸಿದ ಶಲಾಕೆಯನ್ನು ಹಾಯಿಸಬೇಕು. ಅರಗು ಕರಗಿ ಶಲಾಕೆಗೆ ಅಂಟಿದ ಮೇಲೆ ತಣ್ಣೀರಿನಿಂದ ಗಟ್ಟಿಗೊಳಿಸಿ ಮೆಲ್ಲನೆ ಎಳೆದುಕೊಳ್ಳಬೇಕು. ಅರಗಿನದಲ್ಲದ ವಸ್ತುವಾದರೆ ಶಲಾಕೆಯ ತುದಿಗೇ ಅರಗನ್ನೂ ಮೇಣವನ್ನೂ ಬಳಿಯಬೇಕು. ಅನ್ನದ ತುತ್ತು ಸಿಕ್ಕಿಕೊಂಡರೆ, ರೋಗಿಗೆ ಮುನ್ಸೂಚನೆ ಕೊಡದೆ ಅವನ ಹೆಗಲಿಗೆ ಮುಷ್ಟಿಯಿಂದ ಹೊಡೆಯಬೇಕು, ಇಲ್ಲವೇ ಎಣ್ಣೆಯನ್ನೋ ನೀರನ್ನೋ ಕುಡಿಸಬೇಕು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಕೊಳವೆಯನ್ನು ಮೊದಲು ಇಳಿಸಿ, ಅದರೊಳಗಿಂದ ಉಪಕರಣವನ್ನು ಹಾಯಿಸಿ, ಸುತ್ತಲಿನ ಮೃದುಭಾಗಕ್ಕೆ ಗಾಯವಾಗದಂತೆ ಕಾಪಾಡಬೇಕೆಂಬ ಆಲೋಚನೆ ನಿಜವಾಗಿಯೂ ದೊಡ್ಡದು. ಎರಡನೆಯದಾಗಿ, ಈ ಉಪಾಯಗಳೆಲ್ಲ ಗಂಟಲಿಗೂ ಅನ್ನದ ಹಾದಿಗೂ ಸಂಬಂಧಿಸಿದವು. ಎಣ್ಣೆ ನೀರುಗಳನ್ನು ಕುಡಿಸುವುದು ಅಲ್ಲಿಗೆ ಸಲ್ಲಬಹುದು. ಉಸಿರಿನ ಹಾದಿಗೆ ಅದು ಸಲ್ಲುವುದಿಲ್ಲ, ಅಲ್ಲಿ ಅದು ವಿಷಕ್ಕೆ ಸಮಾನ. ನಮ್ಮ ಪ್ರಾಚೀನರಲ್ಲಿ ಎಲ್ಲವೂ ಇತ್ತೆಂದು ಹೆಮ್ಮೆ ಪಡುವವರೂ, ಏನೂ ಇರಲಿಲ್ಲವೆಂದು ಹೀಗಳೆಯುವವರೂ ಮೂಲಗ್ರಂಥವನ್ನು ತೆರೆದು ನೋಡಿದರೆ ಇಬ್ಬರಿಗೂ ಸಮಾಧಾನವಾಗುತ್ತದೆ. ಇದ್ದುದು ಇತ್ತು, ಇಲ್ಲದುದು ಇರಲಿಲ್ಲ. ಧ್ವನಿಪೆಟ್ಟಿಗೆಯ ಕೆಳಗಿನ ಕತ್ತಲೆಯೊಳಗೆ ಇಣುಕಿ ನೋಡುವ ಸಾಧನ ಪ್ರಾಚೀನ ಕಾಲದಲ್ಲಿ ಯಾವ ದೇಶದಲ್ಲಿಯೂ ಇರಲಿಲ್ಲ.

ಕತ್ತಲಲ್ಲಿ ಕೈಯಾಡಿಸಿದ ಕಾಲ

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿಯೂ ಪರಿಸ್ಥಿತಿ ಹೇಗಿತ್ತೆಂಬುದಕ್ಕೆ ಲಂಡನ್ನಿನಲ್ಲಿ 1843ರಲ್ಲಿ ನಡೆದ ಒಂದು ಪ್ರಸಂಗ ಸಾಕ್ಷಿಯಾಗಿದೆ. ಇಸಂಬಾರ್ಡ್ ಕಿಂಗ್‌ಡಮ್ ಬ್ರೂನೆಲ್ ಎಂಬಾತನು ಇಂಗ್ಲೆಂಡಿನ ಬಹು ಪ್ರಸಿದ್ಧ ಇಂಜಿನಿಯರು. ಗ್ರೇಟ್ ವೆಸ್ಟರ್ನ್ ರೈಲುಮಾರ್ಗವನ್ನು ಕಟ್ಟಿಸಿದವನು. ಆ ವರ್ಷದ ಏಪ್ರಿಲ್ ತಿಂಗಳಿನಲ್ಲಿ ತನ್ನ ಮಕ್ಕಳನ್ನು ರಂಜಿಸಲೆಂದು ಅರ್ಧ ಸಾವರಿನ್ ಚಿನ್ನದ ನಾಣ್ಯವೊಂದನ್ನು ಬಾಯಲ್ಲಿಟ್ಟುಕೊಂಡು ಕಣ್ಕಟ್ಟಿನ ಆಟ ತೋರಿಸುತ್ತಿದ್ದಾಗ ಆ ನಾಣ್ಯ ಜಾರಿ ಅವನ ಬಲಗಡೆಯ ಶ್ವಾಸಕವಲಿನಲ್ಲಿ ಕುಳಿತುಬಿಟ್ಟಿತು.

ಅಂದಿನ ಹೆಸರಾಂತ ಶಸ್ತ್ರವೈದ್ಯನಾದ ಸರ್ ಬೆಂಜಮಿನ್ ಬ್ರೋಡಿ ಚಿಕಿತ್ಸೆಗೆ ನಿಂತನು. ಬ್ರೂನೆಲ್ಲನನ್ನು ಹಲಗೆಯೊಂದಕ್ಕೆ ಬಿಗಿದು ತಲೆಕೆಳಗು ಮಾಡಿದಾಗ ನಾಣ್ಯವೇನೋ ಕದಲಿತು. ಆದರೆ ಅದು ಧ್ವನಿಪೆಟ್ಟಿಗೆಗೆ ತಗುಲಿದೊಡನೆ ಗಂಟಲು ಬಿಗಿದುಕೊಂಡು ಉಸಿರು ಕಟ್ಟಿ ಪ್ರಾಣವೇ ಹೋಗುವಂತಾಯಿತು. ಬಳಿಕ ಕುತ್ತಿಗೆಯ ಮುಂಭಾಗದಲ್ಲಿ ಶ್ವಾಸನಾಳವನ್ನು ಸೀಳಿ, ಆ ರಂಧ್ರದಿಂದ ಇಕ್ಕುಳವನ್ನು ಇಳಿಸಿ ಹುಡುಕಿದರು. ಇಕ್ಕುಳ ತಾಗಿದೊಡನೆ ಕೆಮ್ಮು ಉಕ್ಕಿಬರುತ್ತಿತ್ತು. ನಾಣ್ಯ ಮಾತ್ರ ಸಿಕ್ಕಲಿಲ್ಲ. ಕೊನೆಗೆ ಮೇ ತಿಂಗಳಿನಲ್ಲಿ ಆ ರಂಧ್ರವನ್ನು ತೆರೆದಿಟ್ಟುಕೊಂಡೇ ಮತ್ತೊಮ್ಮೆ ತಲೆಕೆಳಗು ಮಾಡಿದರು. ಈ ಸಲ ರಂಧ್ರದ ಮೂಲಕ ಉಸಿರಾಟ ನಡೆಯುತ್ತಿದ್ದುದರಿಂದ ಗಂಟಲು ಬಿಗಿಯಲಿಲ್ಲ. ನಾಣ್ಯ ಜಾರಿ ಬಾಯಿಗೆ ಬಿತ್ತು. ಸುಮಾರು ಆರು ವಾರಗಳ ಕಾಲ ಆ ನಾಣ್ಯದ ಸುದ್ದಿಗಾಗಿ ಇಡೀ ನಗರವೇ ಕಾದಿತ್ತೆಂದು ಅಂದಿನ ಬರಹಗಳಿಂದ ತಿಳಿಯುತ್ತದೆ.

ಈ ಕಥೆಯನ್ನು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಬ್ರೂನೆಲ್ ಮೂವತ್ತೇಳರ ಹರೆಯದ ಗಟ್ಟಿ ಆಳು. ತನಗೆ ಏನಾಗಿದೆಯೆಂದು ಹೇಳಬಲ್ಲವನು. ತನ್ನ ಚಿಕಿತ್ಸೆಗೆ ಬೇಕಾದ ಹಲಗೆಯ ಯೋಜನೆಯನ್ನು ತಾನೇ ಹಾಕಿಕೊಟ್ಟವನು. ದೇಶದ ಶ್ರೇಷ್ಠ ವೈದ್ಯರು ಅವನ ಬಳಿಯಿದ್ದರು. ಆದರೂ ಅವನು ಸಾವಿನ ಅಂಚಿನಿಂದ ಹಿಂದಿರುಗಿದನು. ಹಾಗಿರುವಲ್ಲಿ ಹಳ್ಳಿಯ ಗುಡಿಸಲಿನಲ್ಲಿ ಗುಂಡಿಯನ್ನೋ ಬೀಜವನ್ನೋ ಉಸಿರಿನೊಂದಿಗೆ ಎಳೆದುಕೊಂಡ ಎಂಟು ತಿಂಗಳ ಕೂಸಿನ ಗತಿಯೇನು? ಅಂಥ ಕೂಸುಗಳ ಹೆಸರನ್ನು ಯಾವ ಚರಿತ್ರೆಯೂ ಬರೆದಿಟ್ಟಿಲ್ಲ. ನ್ಯುಮೋನಿಯವೆಂದೋ ಕ್ಷಯವೆಂದೋ ದೃಷ್ಟಿದೋಷವೆಂದೋ ಹೇಳಿ ಅವುಗಳನ್ನು ಮಣ್ಣು ಮಾಡಿರಬೇಕು.

ಬೆಳಕು ಬಂದ ಬಗೆ

ಉಸಿರಿನ ಹಾದಿಗೆ ಮೊದಲ ಬೆಳಕನ್ನು ತಂದವನು ವೈದ್ಯನಲ್ಲ, ಒಬ್ಬ ಸಂಗೀತದ ಗುರು. ಸ್ಪೇನ್ ಮೂಲದ ಮ್ಯಾನುಯೆಲ್ ಗಾರ್ಸಿಯಾ ಎಂಬ ಗಾಯನಾಚಾರ್ಯನು ಸ್ವರವು ಹುಟ್ಟುವ ಸ್ಥಾನವನ್ನು ಕಣ್ಣಾರೆ ಕಾಣಬೇಕೆಂಬ ಹಂಬಲದಿಂದ 1854ರಲ್ಲಿ ದಂತವೈದ್ಯರ ಪುಟ್ಟ ಕನ್ನಡಿಯನ್ನು ತನ್ನ ಗಂಟಲಿನಲ್ಲಿಟ್ಟು, ಮತ್ತೊಂದು ಕನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಹಾಯಿಸಿ, ತನ್ನ ಧ್ವನಿತಂತುಗಳ ಚಲನೆಯನ್ನು ತಾನೇ ನೋಡಿದನು. ನಾದದ ಹುಡುಕಾಟವು ವೈದ್ಯಕ್ಕೆ ದಾರಿ ತೋರಿಸಿತು. ವಿದ್ಯೆಗಳ ನಡುವೆ ಗೋಡೆಗಳಿಲ್ಲವೆಂಬುದಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನ ಬೇಕೆ?

ಮುಂದಿನ ನಲವತ್ತು ವರ್ಷಗಳಲ್ಲಿ ಒಂದೊಂದಾಗಿ ಅಡ್ಡಿಗಳು ಸರಿದವು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನಿನಿಂದ ಕಣ್ಣನ್ನು ಮರಗಟ್ಟಿಸಬಹುದೆಂದು ತೋರಿಸಿಕೊಟ್ಟನು; ಅದೇ ಉಪಾಯವನ್ನು ಗಂಟಲಿಗೂ ಬಳಸಿದಾಗ ಉಪಕರಣ ತಾಗಿದರೂ ಕೆಮ್ಮು ಉಕ್ಕದಂತಾಯಿತು. 1895ರಲ್ಲಿ ಬರ್ಲಿನ್ನಿನ ಆಲ್ಫ್ರೆಡ್ ಕಿರ್‌ಸ್ಟೈನ್ ಕನ್ನಡಿಯ ಪ್ರತಿಬಿಂಬದ ನೆರವಿಲ್ಲದೆ ಧ್ವನಿಪೆಟ್ಟಿಗೆಯನ್ನು ನೇರವಾಗಿ ಕಾಣುವ ಸಾಧನವನ್ನು ರಚಿಸಿದನು. ಅದೇ ವರ್ಷ ರಂಟ್ಜನ್ ಕ್ಷ-ಕಿರಣವನ್ನು ಕಂಡುಹಿಡಿದನು. ಎದೆಗೂಡಿನಲ್ಲಿ ಅಡಗಿದ ಮೊಳೆ, ಪಿನ್ನು, ನಾಣ್ಯಗಳ ನೆರಳು ಹೊರಗೆ ಕಾಣುವಂತಾಯಿತು.

ಈ ಎಲ್ಲ ತೊರೆಗಳೂ ಕೂಡಿದ್ದು ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ. 1897ರಲ್ಲಿ ಅಲ್ಲಿಯ ಗುಸ್ತಾವ್ ಕಿಲಿಯನ್ ಎಂಬ ಕಂಠವೈದ್ಯನ ಬಳಿಗೆ 63 ವರ್ಷದ ರೈತನೊಬ್ಬನು ಬಂದನು. ಊಟದ ಮಾಂಸದಲ್ಲಿದ್ದ ಎಲುಬಿನ ಚೂರೊಂದು ಅವನ ಬಲಗಡೆಯ ಶ್ವಾಸಕವಲಿನಲ್ಲಿ ಸಿಕ್ಕಿಕೊಂಡಿತ್ತು. ಕಿಲಿಯನ್ ಗಂಟಲನ್ನು ಮರಗಟ್ಟಿಸಿ, ನೇರವಾದ ಲೋಹದ ಕೊಳವೆಯೊಂದನ್ನು ಧ್ವನಿತಂತುಗಳ ನಡುವಿನಿಂದ ಕೆಳಗಿಳಿಸಿ, ಬೆಳಕು ಹಾಯಿಸಿ, ಎಲುಬನ್ನು ಕಂಡು, ಇಕ್ಕುಳದಿಂದ ಹಿಡಿದು ಹೊರತೆಗೆದನು. ಎದೆಯನ್ನಾಗಲಿ ಕುತ್ತಿಗೆಯನ್ನಾಗಲಿ ಸೀಳಬೇಕಾಗಲಿಲ್ಲ. ಶ್ವಾಸನಾಳದ ಕವಲುಗಳು ಬಿರುಸಾದ ಗೋಡೆಗಳಲ್ಲ, ಮೆದುವಾಗಿ ಬಾಗುವಂಥವು, ನೇರವಾದ ಕೊಳವೆಗೂ ಎಡೆ ಕೊಡುವಂಥವು ಎಂಬುದನ್ನು ಅವನು ಕಂಡುಕೊಂಡಿದ್ದನು. ವೈದ್ಯರು ಬ್ರಾಂಕೋಸ್ಕೋಪ್ ಎಂದು ಕರೆಯುವ ಶ್ವಾಸನಾಳದರ್ಶಕದ ಕಥೆ ಅಲ್ಲಿಂದ ಮೊದಲಾಗುತ್ತದೆ. ಬ್ರೋಡಿಯ ಇಕ್ಕುಳಕ್ಕೂ ಕಿಲಿಯನ್ನನ ಇಕ್ಕುಳಕ್ಕೂ ಉಕ್ಕಿನಲ್ಲಿ ಭೇದವಿರಲಿಲ್ಲ. ಭೇದವಿದ್ದುದು ಒಂದರಲ್ಲಿ ಮಾತ್ರ: ಕಿಲಿಯನ್ ಕಂಡನು, ಆಮೇಲೆ ಹಿಡಿದನು.

ಫಿಲಡೆಲ್ಫಿಯಾದ ವೈದ್ಯ

ವಯಸ್ಕರಿಗೆ ಸಾಧ್ಯವಾದುದನ್ನು ಎಳೆಗೂಸುಗಳಿಗೂ ಸಾಧ್ಯವಾಗಿಸಿದ ಕೀರ್ತಿ ಬಹುಮಟ್ಟಿಗೆ ಅಮೆರಿಕದ ಡಾ. ಶೆವಲಿಯರ್ ಜಾಕ್ಸನ್ ಅವರಿಗೆ ಸಲ್ಲಬೇಕು. 1865ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿ, 1958ರಲ್ಲಿ ತೀರಿಕೊಂಡ ಈ ಮಹನೀಯರು ತಮ್ಮ ಜೀವಮಾನವನ್ನೆಲ್ಲ ಅನ್ನನಾಳ ಶ್ವಾಸನಾಳಗಳ ಶಲ್ಯಗಳಿಗಾಗಿಯೇ ಮುಡಿಪಿಟ್ಟರು. ಕ್ಷಯರೋಗ ಅವರನ್ನು ಮತ್ತೆ ಮತ್ತೆ ಹಾಸಿಗೆ ಹಿಡಿಸಿತು. ತಮ್ಮ ಉಸಿರೇ ಕುಂದುತ್ತಿದ್ದಾಗಲೂ ಪರರ ಉಸಿರಿಗಾಗಿ ದುಡಿದ ಬಾಳು ಅವರದು.

ಜಾಕ್ಸನ್ನರು ಕೂಸಿನ ಶ್ವಾಸನಾಳಕ್ಕೆ ತಕ್ಕ ಅತಿ ಸಪುರವಾದ ಕೊಳವೆಗಳನ್ನು ಮಾಡಿಸಿ, ಅವುಗಳ ತುದಿಯಲ್ಲಿಯೇ ಪುಟ್ಟದೊಂದು ವಿದ್ಯುದ್ದೀಪವನ್ನು ಅಳವಡಿಸಿದರು. ಒಂದೊಂದು ಬಗೆಯ ವಸ್ತುವಿಗೆ ಒಂದೊಂದು ಬಗೆಯ ಇಕ್ಕುಳವನ್ನು ರೂಪಿಸಿದರು. ಬಾಯ್ದೆರೆದ ಸೇಫ್ಟಿ ಪಿನ್ನೊಂದು ಕೂಸಿನ ಗಂಟಲಲ್ಲಿ ಮೊನೆ ಮೇಲಾಗಿ ಕುಳಿತಿದ್ದರೆ ಅದನ್ನು ಹಾಗೆಯೇ ಎಳೆಯುವುದು ಕೊಲೆಗೆ ಸಮಾನ. ಅದನ್ನು ಒಳಗೇ ಮುಚ್ಚುವ, ಇಲ್ಲವೇ ಮೊನೆಯನ್ನು ತಿರುಗಿಸಿ ತೆಗೆಯುವ ಉಪಾಯಗಳನ್ನು ಅವರು ಕಂಡುಹಿಡಿದರು. ಕೂಸು ಎಳೆದುಕೊಂಡ ವಸ್ತುವಿನಂಥದೇ ಇನ್ನೊಂದನ್ನು ತರಿಸಿಕೊಂಡು, ರಬ್ಬರಿನ ಕೊಳವೆಯಲ್ಲಿಯೂ ಬೊಂಬೆಯಲ್ಲಿಯೂ ಅದನ್ನು ಇಟ್ಟು, ತೆಗೆಯುವುದನ್ನು ಹಲವು ಸಲ ಅಭ್ಯಾಸ ಮಾಡಿದ ಮೇಲೆಯೇ ಕೂಸಿನ ಬಳಿಗೆ ಹೋಗುವುದು ಅವರ ಪದ್ಧತಿಯಾಗಿತ್ತು. ಶಿಷ್ಯರಿಗೂ ಇದೇ ಶಿಸ್ತು. ಸಾಧನೆಯಿಲ್ಲದೆ ಸಿದ್ಧಿಯಿಲ್ಲವೆಂಬ ಮಾತು ನಮ್ಮ ಆಧ್ಯಾತ್ಮಕ್ಕೆ ಸಲ್ಲುವಂತೆಯೇ ಅವರ ಕೈಚಳಕಕ್ಕೂ ಸಲ್ಲುತ್ತದೆ.

ತಾವು ತೆಗೆದ ಪ್ರತಿಯೊಂದು ವಸ್ತುವನ್ನೂ ಅವರು ಜೋಪಾನವಾಗಿ ಕಾದಿರಿಸಿದರು. ಫಿಲಡೆಲ್ಫಿಯಾ ನಗರದ ಮ್ಯೂಟರ್ ವಸ್ತುಸಂಗ್ರಹಾಲಯದಲ್ಲಿ ಆ ಸಂಗ್ರಹವಿದೆ. ಒಟ್ಟು 2,374 ವಸ್ತುಗಳು. ಗುಂಡಿಗಳು, ಪಿನ್ನುಗಳು, ಮೊಳೆಗಳು, ನಾಣ್ಯಗಳು, ಬೀಜಗಳು, ಎಲುಬಿನ ಚೂರುಗಳು, ಆಟಿಕೆಯ ತುಣುಕುಗಳು, ಎಲ್ಲವೂ ಸಾಲಾಗಿ ಅರೆಗಳಲ್ಲಿ ಇವೆ. ಒಂದೊಂದರ ಹಿಂದೆಯೂ ಒಂದು ಮನೆ, ಒಬ್ಬ ತಾಯಿ, ಒಂದು ರಾತ್ರಿ ಇದ್ದಿರಬೇಕಲ್ಲವೇ? 1930ರ ದಶಕದಲ್ಲಿ ಆಸ್ಟ್ರೇಲಿಯದ ಪುಟ್ಟ ಬಾಲಕನೊಬ್ಬನು ಮೊಳೆಯೊಂದನ್ನು ಶ್ವಾಸಕೋಶದೊಳಕ್ಕೆ ಎಳೆದುಕೊಂಡಾಗ, ಅವನ ತಾಯಿ ಸಮುದ್ರಗಳನ್ನು ದಾಟಿ ಅವನನ್ನು ಜಾಕ್ಸನ್ನರ ಬಳಿಗೆ ಕರೆದೊಯ್ದಳು. ಮೊಳೆ ಹೊರಬಂದಿತು, ಬಾಲಕ ಉಳಿದನು.

ಮೌನದ ಅವಧಿ

ಜಾಕ್ಸನ್ನರು ಲೋಕಕ್ಕೆ ತಿಳಿಸಿದ ಸಂಗತಿಗಳಲ್ಲಿ ಎರಡು ನಮ್ಮ ಓದುಗರು ನೆನಪಿನಲ್ಲಿಡಲೇಬೇಕಾದವು.

ಮೊದಲನೆಯದು ಮೌನದ ಅವಧಿ. ವಸ್ತು ಉಸಿರಿನ ಹಾದಿಯನ್ನು ಹೊಕ್ಕಾಗ ಕೂಸು ಒಮ್ಮೆಲೇ ಕೆಮ್ಮುತ್ತದೆ, ಮುಖ ಕೆಂಪಾಗುತ್ತದೆ ಇಲ್ಲವೇ ನೀಲಿಗಟ್ಟುತ್ತದೆ. ಕೆಲವು ನಿಮಿಷಗಳಾದ ಮೇಲೆ ವಸ್ತು ಕೆಳಗಿನ ಕವಲೊಂದರಲ್ಲಿ ನೆಲೆಗೊಂಡರೆ ಕೆಮ್ಮು ನಿಲ್ಲುತ್ತದೆ, ಕೂಸು ಆಡತೊಡಗುತ್ತದೆ. ‘ನುಂಗಿಬಿಟ್ಟಿತು, ಸದ್ಯ ಗಂಡಾಂತರ ತಪ್ಪಿತು’ ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಗಂಡಾಂತರ ತಪ್ಪಿರುವುದಿಲ್ಲ, ಅಡಗಿಕೊಂಡಿರುತ್ತದೆ. ದಿನಗಳೋ ವಾರಗಳೋ ಕಳೆದ ಮೇಲೆ ಜ್ವರ, ಸುಯ್ಯೆನ್ನುವ ಉಸಿರು, ಬಿಡದ ಕೆಮ್ಮು, ಮತ್ತೆ ಮತ್ತೆ ಅದೇ ಕಡೆಯ ಶ್ವಾಸಕೋಶದಲ್ಲಿ ನ್ಯುಮೋನಿಯ. ಆ ವೇಳೆಗೆ ಶೇಂಗಾದ ವಿಷಯ ಎಲ್ಲರಿಗೂ ಮರೆತಿರುತ್ತದೆ. ಉಬ್ಬಸವೆಂದೋ ನೆಗಡಿಯೆಂದೋ ಔಷಧಿ ನಡೆಯುತ್ತದೆ. ಸುಯ್ಯೆನ್ನುವ ಎದೆಯೆಲ್ಲ ಉಬ್ಬಸದ ಎದೆಯಲ್ಲವೆಂದು ಜಾಕ್ಸನ್ನರು ತಮ್ಮ ಕಾಲದ ವೈದ್ಯರನ್ನು ಎಚ್ಚರಿಸುತ್ತಿದ್ದರು.

ಎರಡನೆಯದು ಶೇಂಗಾ, ಹಳೆ ಮೈಸೂರಿನ ಕಡೆಯವರು ಕಡಲೆಕಾಯಿ ಎನ್ನುವ ಬೀಜ. ಅದು ಲೋಹದಂತೆ ಸುಮ್ಮನೆ ಕುಳಿತಿರುವುದಿಲ್ಲ. ತೇವವನ್ನು ಹೀರಿ ಉಬ್ಬುತ್ತದೆ. ಅದರ ಎಣ್ಣೆಯು ಶ್ವಾಸನಾಳದ ಒಳಪೊರೆಯನ್ನು ಕೆರಳಿಸಿ ಬಾವು ತರುತ್ತದೆ. ಜಾಕ್ಸನ್ನರು ಈ ಬಾವಿಗೆ ಶೇಂಗಾ ಸಸ್ಯದ ಲ್ಯಾಟಿನ್ ಹೆಸರಿನಿಂದಲೇ ಒಂದು ಹೆಸರನ್ನು ಕೊಟ್ಟಿದ್ದರು. ಅದಕ್ಕಿಂತ ಕುಟಿಲವಾದ ಸಂಗತಿಯೆಂದರೆ, ಶೇಂಗಾ ಕ್ಷ-ಕಿರಣದ ಚಿತ್ರದಲ್ಲಿ ಕಾಣುವುದಿಲ್ಲ. ಮೊಳೆ ಕಾಣುತ್ತದೆ, ನಾಣ್ಯ ಕಾಣುತ್ತದೆ. ಬೀಜ ಕಾಳುಗಳು ಕಾಣುವುದಿಲ್ಲ. ಕೆಲವೊಮ್ಮೆ ಅದು ಕವಾಟದಂತೆ ಕುಳಿತು ಗಾಳಿಯನ್ನು ಒಳಕ್ಕೆ ಬಿಟ್ಟು ಹೊರಕ್ಕೆ ಬಿಡದೆ, ಒಂದು ಕಡೆಯ ಶ್ವಾಸಕೋಶವನ್ನು ಬಲೂನಿನಂತೆ ಉಬ್ಬಿಸುತ್ತದೆ. ಅಂಥ ಕುರುಹುಗಳಿಂದ ವೈದ್ಯರು ಊಹಿಸಬೇಕಾಗುತ್ತದೆ. ಕೆಲವೊಮ್ಮೆ ಚಿತ್ರವೆಲ್ಲ ಸರಿಯಾಗಿಯೇ ಇರುತ್ತದೆ. ಆಗ ವೈದ್ಯನಿಗೆ ದಾರಿ ತೋರುವುದು ಒಂದೇ: ‘ಆ ದಿನ ಕೂಸು ಶೇಂಗಾ ತಿನ್ನುವಾಗ ಒಮ್ಮೆಲೇ ಕೆಮ್ಮಿತು’ ಎಂಬ ತಾಯಿಯ ಒಂದು ಮಾತು. ಯಂತ್ರ ಕಾಣದುದನ್ನು ತಾಯಿಯ ಕಣ್ಣು ಕಂಡಿರುತ್ತದೆ. ಆ ಮಾತನ್ನು ಹೇಳದೆ ಬಿಡಬಾರದು. ಅತ್ತೆ ಬೈದಾರು, ನೆರೆಯವರು ನಕ್ಕಾರು ಎಂದು ಮುಚ್ಚಿಡಲೂಬಾರದು.

ಜಾಕ್ಸನ್ನರ ತರುವಾಯ ಸಾಧನಗಳು ಮತ್ತಷ್ಟು ಸುಧಾರಿಸಿದವು. ಇಂಗ್ಲೆಂಡಿನ ಭೌತವಿಜ್ಞಾನಿ ಹೆರಾಲ್ಡ್ ಹಾಪ್‌ಕಿನ್ಸ್ 1959ರ ಸುಮಾರಿಗೆ ರೂಪಿಸಿದ ಗಾಜಿನ ಕಡ್ಡಿಗಳ ದೂರದರ್ಶಕದಿಂದ ಅತಿ ಸಪುರವಾದ ಕೊಳವೆಯಲ್ಲಿಯೂ ನಿಚ್ಚಳವಾದ ದೃಶ್ಯ ಕಾಣುವಂತಾಯಿತು. 1960ರ ದಶಕದಲ್ಲಿ ಜಪಾನಿನ ಶಿಗೆಟೊ ಇಕೆಡಾ ಬಳುಕುವ ಶ್ವಾಸನಾಳದರ್ಶಕವನ್ನು ತಂದರು. ಅರಿವಳಿಕೆಯ ವಿದ್ಯೆಯೂ ಬೆಳೆಯಿತು; ಮಗು ಮಲಗಿರುವಂತೆಯೇ, ಅದರ ಉಸಿರಾಟವನ್ನು ಕಾಯ್ದುಕೊಂಡೇ, ವೈದ್ಯರು ಶಲ್ಯವನ್ನು ತೆಗೆಯುತ್ತಾರೆ. ಆದರೂ ಮಕ್ಕಳ ವಿಷಯದಲ್ಲಿ ನೇರವಾದ ಲೋಹದ ಕೊಳವೆಗೆ ಇಂದಿಗೂ ಅಗ್ರಸ್ಥಾನವಿದೆ.

ಕಾಣುವ ಮೊದಲೇ ಕಾಯುವುದು

ತೆಗೆಯುವುದಕ್ಕಿಂತ ತಡೆಯುವುದು ಮೇಲೆಂಬ ಅರಿವು ನಿಧಾನವಾಗಿ ಬಂದಿತು. ಬಟ್ಟೆ ಪಾತ್ರೆ ತೊಳೆಯುವ ಕ್ಷಾರವನ್ನು ಕುಡಿದು ಅನ್ನನಾಳ ಸುಟ್ಟುಕೊಂಡ ಮಕ್ಕಳನ್ನು ಕಂಡು ಮರುಗಿದ ಜಾಕ್ಸನ್ನರು ವರ್ಷಗಟ್ಟಲೆ ಹೋರಾಡಿದುದರ ಫಲವಾಗಿ, ಅಂಥ ಡಬ್ಬಿಗಳ ಮೇಲೆ ವಿಷವೆಂಬ ಎಚ್ಚರಿಕೆ ಅಚ್ಚಾಗಿರಬೇಕೆಂದು ಅಮೆರಿಕದಲ್ಲಿ 1927ರಲ್ಲಿ ಕಾಯಿದೆಯಾಯಿತು. ಉಸಿರಿನ ಹಾದಿಯ ವಿಷಯದಲ್ಲಿ ಅಂಥ ನಿಯಮ ಬರಲು ಇನ್ನೂ ಅರ್ಧ ಶತಮಾನ ಬೇಕಾಯಿತು. 1980ರಿಂದ ಅಲ್ಲಿ ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಒಂದು ಅಳತೆಯ ಕೊಳವೆಯಲ್ಲಿಟ್ಟು ಪರೀಕ್ಷಿಸತೊಡಗಿದರು. ಅದರ ಬಾಯಿಯ ಅಗಲ 31.7 ಮಿಲಿಮೀಟರು. ಅದರೊಳಗೆ ಪೂರ್ತಿಯಾಗಿ ಅಡಗುವ ಆಟಿಕೆಯಾಗಲಿ ತುಣುಕಾಗಲಿ ಆ ವಯಸ್ಸಿನ ಮಕ್ಕಳಿಗೆ ನಿಷಿದ್ಧ. ನಾವು ನೀವು ಬರೆಯುವ ಪೆನ್ನಿನ ಮುಚ್ಚಳದ ತುದಿಯಲ್ಲಿ ರಂಧ್ರವಿರುವುದನ್ನು ನೋಡಿರಬಹುದು. ಅದು ಶ್ವಾಸನಾಳದಲ್ಲಿ ಸಿಕ್ಕಿದರೂ ಗಾಳಿ ಆಡುತ್ತಿರಲೆಂದು ಮಾಡಿದ ಏರ್ಪಾಡು. ನಮ್ಮ ದೇಶದಲ್ಲಿ 2020ರ ಆದೇಶದ ಮೇರೆಗೆ 2021ರ ಜನವರಿಯಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ.

ಇಲ್ಲಿ ಮತ್ತೊಮ್ಮೆ ನಮ್ಮ ಹಳೆಯ ಗ್ರಂಥವೊಂದರ ಕಡೆಗೆ ಓದುಗರ ಗಮನ ಸೆಳೆಯಬೇಕು. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಮಗುವಿನ ಆಟಿಕೆಗಳು ಹೇಗಿರಬೇಕೆಂದು ಹೇಳುವ ಒಂದು ವಾಕ್ಯವಿದೆ. ಅವು ಬಣ್ಣಬಣ್ಣದವಾಗಿರಬೇಕು, ಸದ್ದು ಮಾಡುವಂಥವಾಗಿರಬೇಕು, ಮನೋಹರವಾಗಿರಬೇಕು, ಭಾರವಾಗಿರಬಾರದು, ಮೊನೆಯುಳ್ಳವಾಗಿರಬಾರದು, ಪ್ರಾಣಕ್ಕೆ ಎರವಾಗಬಾರದು, ಹೆದರಿಸುವಂಥವಾಗಿರಬಾರದು. ಇವುಗಳ ನಡುವೆ ಇನ್ನೊಂದು ವಿಶೇಷಣವಿದೆ: ‘ಅನಾಸ್ಯಪ್ರವೇಶಿ’, ಎಂದರೆ ಬಾಯೊಳಗೆ ಹೋಗಲಾರದಂಥದು. 1980ರ ಅಳತೆಯ ಕೊಳವೆಯು ಹೇಳುವುದೂ ಅದನ್ನೇ. ಚರಕನ ಕಾಲದಲ್ಲಿ ಶ್ವಾಸನಾಳದರ್ಶಕವಿರಲಿಲ್ಲ, ಕಂಡು ತೆಗೆಯಲಾಗುತ್ತಿರಲಿಲ್ಲ. ಆದರೆ ಮುಂದೆ ಆಗಬಹುದಾದುದನ್ನು ಮೊದಲೇ ಕಾಣುವ ಕಣ್ಣು ಇತ್ತು. ಆ ಕಣ್ಣಿಗೆ ಖರ್ಚಿಲ್ಲ. ಅದನ್ನು ನಾವು ಕಳೆದುಕೊಂಡದ್ದು ಮಾತ್ರ ವಿಷಾದದ ಸಂಗತಿ.

ನಮ್ಮ ಮನೆಗಳಲ್ಲಿ

ಈಗ ಚರಿತ್ರೆಯನ್ನು ಬಿಟ್ಟು ಮನೆಯ ಹೊಸ್ತಿಲಿಗೆ ಬರೋಣ. ನಮ್ಮದು ಶೇಂಗಾ ಬೆಳೆಯುವ ನಾಡು. ಜಾತ್ರೆಯೆಂದರೆ ಚುರುಮುರಿ, ಪುಠಾಣಿ, ಶೇಂಗಾ, ಬೆಂಡು ಬತ್ತಾಸು. ಕಂಕುಳಲ್ಲಿರುವ ಕೂಸಿಗೂ ಒಂದು ಕಾಳು ಕೊಟ್ಟರೆ ನಮ್ಮ ಪ್ರೀತಿಗೆ ತೃಪ್ತಿ. ನಾಲ್ಕು ವರ್ಷದ ಅಕ್ಕ ತನ್ನ ಪಾಲಿನ ಕಾಳನ್ನು ತಮ್ಮನ ಬಾಯಿಗಿಡುವುದು ಅಕ್ಕರೆಯಿಂದಲೇ. ಮಗುವನ್ನು ನೋಡಲು ಬಂದ ನೆಂಟರು ಅದರ ಮುಷ್ಟಿಗೆ ನಾಣ್ಯವಿಡುವುದು ಸಂಪ್ರದಾಯ. ದೃಷ್ಟಿಯಾಗದಿರಲೆಂದು ಕಟ್ಟಿದ ಕರಿಮಣಿಯ ದಾರ ಹರಿಯುತ್ತದೆ. ಕಾಲ್ಗೆಜ್ಜೆಯ ಗುಂಡು ಸಡಿಲವಾಗುತ್ತದೆ. ಸೀತಾಫಲದ ಬೀಜ, ಹುಣಸೆಯ ಬೀಜ, ಅಡಕೆಯ ಚೂರು ನೆಲದ ಮೇಲಿರುತ್ತವೆ. ಇವುಗಳಲ್ಲಿ ಯಾವುದೂ ದ್ವೇಷದಿಂದ ಆದದ್ದಲ್ಲ. ಎಲ್ಲವೂ ಪ್ರೀತಿಯಿಂದ ಇಲ್ಲವೇ ಮರೆವಿನಿಂದ ಆದದ್ದು. ನಾಲ್ಕು ವರ್ಷ ತುಂಬುವವರೆಗೂ ಮಕ್ಕಳಿಗೆ ಇಡಿಯ ಶೇಂಗಾ, ಪುಠಾಣಿ, ಗಟ್ಟಿ ಕಾಳುಗಳನ್ನು ಕೊಡಬಾರದೆಂಬುದು ವೈದ್ಯರ ಮಾತು. ನುಣ್ಣಗೆ ಅರೆದು ಊಟದಲ್ಲಿ ಬೆರೆಸಿ ಕೊಡಲು ಅಡ್ಡಿಯಿಲ್ಲ. ಉಣಿಸುವಾಗ ಕೂಸು ಕುಳಿತಿರಲಿ. ಓಡುತ್ತ, ನಗಿಸುತ್ತ, ಅಳಿಸುತ್ತ ಉಣಿಸುವುದು ಬೇಡ.

ಮತ್ತೊಂದು ಮಾತು. ಎಣ್ಣೆ ನೀರು ಎರೆಯುವಾಗ ಕೂಸಿನ ಮೂಗಿನ ಹೊಳ್ಳೆಗೆ ಎಣ್ಣೆ ಬಿಡುವುದೂ, ಅಳುವ ಕೂಸಿನ ಮೂಗು ಹಿಡಿದು ಒಳಲೆಯಿಂದ ಔಷಧಿಯನ್ನೋ ತುಪ್ಪವನ್ನೋ ಸುರಿಯುವುದೂ ಕೆಲವು ಮನೆಗಳಲ್ಲಿ ಇಂದಿಗೂ ಇದೆ. ಆ ಎಣ್ಣೆ ಶ್ವಾಸಕೋಶವನ್ನು ಹೊಕ್ಕು ಅಲ್ಲಿಯೇ ನಿಂತು ಒಂದು ಬಗೆಯ ನ್ಯುಮೋನಿಯವನ್ನು ತರುತ್ತದೆ. ಅದನ್ನು ಯಾವ ಇಕ್ಕುಳವೂ ಹಿಡಿದು ತೆಗೆಯಲಾರದು. ಹಿರಿಯರು ಮಾಡಿದ್ದೆಂಬ ಗೌರವವಿರಲಿ. ಈ ರೂಢಿ ಮಾತ್ರ ನಿಲ್ಲಲಿ.

ಗಂಡಾಂತರ ಬಂದೇ ಬಂದರೆ? ಕೂಸು ಜೋರಾಗಿ ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ, ಉಸಿರು ಆಡುತ್ತಿದೆಯೆಂದು ತಿಳಿಯಬೇಕು. ಕೆಮ್ಮಲು ಬಿಟ್ಟು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಸದ್ದು ಹೊರಡದೆ, ಉಸಿರಾಡದೆ, ತುಟಿ ನೀಲಿಗಟ್ಟುತ್ತಿದ್ದರೆ ಒಬ್ಬರು 108ಕ್ಕೆ ಕರೆಮಾಡಲಿ. ಇನ್ನೊಬ್ಬರು ಒಂದು ವರ್ಷದೊಳಗಿನ ಕೂಸನ್ನು ಮುಂಗೈಯ ಮೇಲೆ ಬೋರಲಾಗಿ, ತಲೆ ತಗ್ಗಾಗಿ, ಗಲ್ಲಕ್ಕೆ ಆಸರೆ ಕೊಟ್ಟು ಮಲಗಿಸಿಕೊಂಡು, ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ 5 ಸಲ ಬಲವಾಗಿ ತಟ್ಟಬೇಕು. ವಸ್ತು ಹೊರಬಾರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವಣ ಎಲುಬಿನ ಕೆಳಭಾಗವನ್ನು ಅಂಗೈಯ ಬುಡದಿಂದ 5 ಸಲ ಒತ್ತಬೇಕು. ವಸ್ತು ಹೊರಬರುವವರೆಗೆ ಇವೆರಡನ್ನೂ ಒಂದಾದಮೇಲೊಂದರಂತೆ ಮಾಡುತ್ತಿರಬೇಕು. ಕೂಸು ಪ್ರಜ್ಞೆ ತಪ್ಪಿದರೆ ಎದೆ ಒತ್ತಿ ಉಸಿರು ಕೊಡುವ ಕ್ರಮವನ್ನು ಆರಂಭಿಸಬೇಕು. ಅಮೆರಿಕದ ಹೆನ್ರಿ ಹೈಮ್ಲಿಕ್ 1974ರಲ್ಲಿ ಪ್ರಚಾರಕ್ಕೆ ತಂದ, ಹೊಟ್ಟೆಯನ್ನು ಒತ್ತುವ ಉಪಾಯ ದೊಡ್ಡವರಿಗೂ ದೊಡ್ಡ ಮಕ್ಕಳಿಗೂ ಸಲ್ಲುತ್ತದೆ. ಒಂದು ವರ್ಷದೊಳಗಿನ ಕೂಸಿಗೆ ಕೂಡದು, ಒಳಗಿನ ಮೆದುವಾದ ಅಂಗಗಳಿಗೆ ಪೆಟ್ಟಾಗುತ್ತದೆ. ಈ ಕ್ರಮವನ್ನು ಓದಿ ತಿಳಿದರೆ ಸಾಲದು. ಬಲ್ಲ ವೈದ್ಯರಿಂದಲೋ ದಾದಿಯರಿಂದಲೋ ಬೊಂಬೆಯ ಮೇಲೆ ಮಾಡಿ ಕಲಿಯಬೇಕು.

ಮಾಡಬಾರದುದನ್ನೂ ಹೇಳಿಬಿಡುತ್ತೇವೆ. ಗಾಬರಿಯಿಂದ ಕೂಸಿನ ಗಂಟಲಿಗೆ ಬೆರಳು ತುರುಕಬಾರದು. ವಸ್ತು ಕಣ್ಣಿಗೆ ಕಾಣುತ್ತಿದ್ದರೆ ಮಾತ್ರ ತೆಗೆಯಬೇಕು. ಕಾಣದಿದ್ದರೆ ಆ ಬೆರಳು ಅದನ್ನು ಇನ್ನೂ ಒಳಕ್ಕೆ ನೂಕುತ್ತದೆ. ಕಾಲು ಹಿಡಿದು ತೂಗಾಡಿಸಿ ಕೊಡವಬಾರದು. ನೀರು ಕುಡಿಸಬಾರದು, ಬಾಳೆಹಣ್ಣು ನುಂಗಿಸಬಾರದು. ಬ್ರೋಡಿಯಂಥ ಮಹಾವೈದ್ಯನ ಇಕ್ಕುಳವೇ ಕತ್ತಲಲ್ಲಿ ಸೋತಿರುವಾಗ ನಮ್ಮ ಬೆರಳು ಗೆಲ್ಲುವುದೆಂತು?

ಬಹುಕಾಲದ ಕೆಮ್ಮಿನಿಂದ ಬಳಲುವ ಕೂಸುಗಳನ್ನು ಎತ್ತಿಕೊಂಡು ಆಶೀರ್ವಾದಕ್ಕೆಂದು ಮಠಗಳಿಗೆ ಬರುವ ತಾಯಂದಿರು ಅನೇಕರು. ಅವರಿಗೆ ನಮ್ಮ ವಿನಂತಿಯಿಷ್ಟೆ. ಧಾರಾಳವಾಗಿ ಬನ್ನಿರಿ, ಕೂಸಿನ ಹಣೆಗೆ ವಿಭೂತಿ ಹಚ್ಚಿಸಿಕೊಂಡು ಹೋಗಿರಿ. ಆದರೆ ಅಲ್ಲಿಂದ ನೇರವಾಗಿ ಮಕ್ಕಳ ವೈದ್ಯರ ಬಳಿಗೆ ನಡೆಯಿರಿ. ಕೆಮ್ಮು ಮೊದಲಾದ ದಿನ ಕೂಸು ಏನು ತಿನ್ನುತ್ತಿತ್ತು, ಯಾವುದರೊಡನೆ ಆಡುತ್ತಿತ್ತು ಎಂಬುದನ್ನು ನೆನಪು ಮಾಡಿಕೊಂಡು ಅವರಿಗೆ ತಿಳಿಸಿರಿ. ಗಾರ್ಸಿಯಾನ ಕನ್ನಡಿಯಿಂದ ಮೊದಲಾಗಿ ಅಷ್ಟೊಂದು ಮಂದಿ ಅಷ್ಟೊಂದು ವರ್ಷ ದುಡಿದು ಆ ಕತ್ತಲೆಯ ಹಾದಿಗೆ ಬೆಳಕು ತಂದಿದ್ದಾರೆ. ಆ ಬೆಳಕು ಕೂಸಿನ ಬಳಿಗೆ ತಲುಪಬೇಕಾದರೆ ಕೊನೆಯ ಹೆಜ್ಜೆಯನ್ನು ನೀವೇ ಇಡಬೇಕು. ಇಂದು ಸಂಜೆ ದೀಪ ಹಚ್ಚುವ ಮೊದಲು ಕೂಸು ಆಡುವ ನೆಲವನ್ನು ಒಮ್ಮೆ ಬಗ್ಗಿ, ಅದರ ಎತ್ತರಕ್ಕೆ ಇಳಿದು ನೋಡಿರಿ.